ಒಂದು ದಿನದ ದಾನ, ಜೀವಮಾನದ ಬೇನೆ

ದಾನದ ವಿಷಯದಲ್ಲಿ ನಮ್ಮ ಸಮಾಜ ಕೃಪಣವೆಂದು ಯಾರೂ ಹೇಳಲಾರರು. ಗುಡಿ ಕಟ್ಟಿಸುವವರು, ತೇರು ಮಾಡಿಸುವವರು, ಶಾಲೆಗೆ ನಿವೇಶನ ಬಿಟ್ಟುಕೊಡುವವರು, ಆಸ್ಪತ್ರೆಗೆ ಯಂತ್ರ ತರಿಸಿಕೊಡುವವರು ಊರೂರಿನಲ್ಲಿಯೂ ಇದ್ದಾರೆ. ಆದುದರಿಂದ ದಾನ ಮಾಡಿರೆಂದು ಬೇಡುವುದಕ್ಕಾಗಿ ನಾವು ಈ ಲೇಖನವನ್ನು ಬರೆಯುತ್ತಿಲ್ಲ. ಹೃದಯ ಮತ್ತು ಶ್ವಾಸಕೋಶಗಳ ರೋಗಿಗಳ ಹೆಸರಿನಲ್ಲಿ ಈಗ ನಡೆಯುತ್ತಿರುವ ದಾನವು ಬಹುಮಟ್ಟಿಗೆ ದಾನಿಗೆ ಅನುಕೂಲವಾದ ದಿನ ನಡೆಯುತ್ತದೆಯೇ ಹೊರತು ರೋಗಿಗೆ ಅವಶ್ಯವಾದ ದಿನವಲ್ಲ ಎಂಬುದನ್ನು ಸದ್ಭಕ್ತರ ಮುಂದಿಡುವುದೇ ನಮ್ಮ ಉದ್ದೇಶ. ಮಾತು ಕೆಲವರಿಗೆ ಕಹಿಯೆನಿಸೀತು. ಔಷಧದ ವಿಚಾರವಾದುದರಿಂದ ಕಹಿಯನ್ನು ಸಹಿಸಿಕೊಳ್ಳಬೇಕು.

ಮೊದಲು ಈ ರೋಗಗಳ ಸ್ವಭಾವವನ್ನು ಅರಿಯಬೇಕು. ಮುರಿದ ಎಲುಬು ಕಾಲಕ್ರಮದಲ್ಲಿ ಕೂಡಿಕೊಳ್ಳುತ್ತದೆ. ಕಣ್ಣಿನ ಪೊರೆ ತೆಗೆದರೆ ಕೆಲವೇ ದಿನಗಳಲ್ಲಿ ಜಗತ್ತು ನಿಚ್ಚಳವಾಗಿ ಕಾಣುತ್ತದೆ. ಅಂತಹ ಬೇನೆಗಳಿಗೆ ಒಂದು ದಿನದ ಶಿಬಿರವೂ ಒಂದು ಬಾರಿಯ ದೇಣಿಗೆಯೂ ಸಾಕಾದೀತು. ಹೃದಯ-ಶ್ವಾಸಕೋಶಗಳ ವಿಷಯ ಹಾಗಲ್ಲ. ಬಡವರ ಮಕ್ಕಳನ್ನು ಕಾಡುವ ಸಂಧಿವಾತಜ್ವರವನ್ನೇ ತೆಗೆದುಕೊಳ್ಳೋಣ. ಇಕ್ಕಟ್ಟಾದ ಮನೆಯಲ್ಲಿ ಬೆಳೆಯುವ ಮಗುವಿಗೆ ಗಂಟಲುಬೇನೆ ಬರುತ್ತದೆ. ತಾನಾಗಿ ಮಾಯವಾಯಿತೆಂದು ತಾಯಿ ಸುಮ್ಮನಾಗುತ್ತಾಳೆ. ಎರಡು ಮೂರು ವಾರಗಳ ಮೇಲೆ ಜ್ವರ, ಕೀಲುನೋವು. ಅದೂ ಹೋಗುತ್ತದೆ. ಆದರೆ ಹೃದಯದ ಕವಾಟಕ್ಕೆ ಗಾಯ ಮಾಡಿ ಹೋಗಿರುತ್ತದೆ. ಇಂತಹ ಮಗುವಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಾನುಗಟ್ಟಲೆ, ಕವಾಟ ತೀರ ಕೆಟ್ಟಿದ್ದರೆ ನಲವತ್ತರ ಪ್ರಾಯದವರೆಗೂ, ಕೊಡುತ್ತ ಬಂದರೆ ಜ್ವರ ಮರುಕಳಿಸುವುದು ತಪ್ಪುತ್ತದೆ. ಕವಾಟ ಇನ್ನಷ್ಟು ಹಾಳಾಗದೆ ಉಳಿಯುತ್ತದೆ. ಇದು ಹಳೆಯ ಔಷಧ, ಅಗ್ಗದ ಔಷಧ. ಅಗ್ಗವಾದುದರಿಂದಲೇ ಮಾರುವವರಿಗೆ ಅದರಲ್ಲಿ ಆಸಕ್ತಿಯಿಲ್ಲ. ಒಗ್ಗದೆ ಅಪಾಯವಾದೀತೆಂಬ ಅಂಜಿಕೆಯಿಂದ ಕೆಲವು ವೈದ್ಯರು ಚುಚ್ಚಲು ಹಿಂಜರಿಯುತ್ತಾರೆ. ಈ ಚುಚ್ಚುಮದ್ದಿಗೆ ದಾನಿಗಳಿದ್ದಾರೆಯೇ? ಇಪ್ಪತ್ತೊಂದು ದಿನಕ್ಕೊಮ್ಮೆ ಮುಗಿದುಹೋಗುವ ಒಂದು ಸೀಸೆಯ ಮೇಲೆ ಯಾರ ಹೆಸರನ್ನು ಕೆತ್ತಿಸಲು ಸಾಧ್ಯ? ಆ ಮಗು ಬೆಳೆದು, ಏದುಸಿರು ಬಿಡುತ್ತ, ನಾಲ್ಕು ಮೆಟ್ಟಿಲು ಹತ್ತಲಾರದೆ ಕುಸಿದು, ಕವಾಟವನ್ನೇ ಬದಲಿಸಬೇಕಾದ ಗಳಿಗೆ ಬಂದಾಗ ದಾನಿಗಳು ಬರುತ್ತಾರೆ. ಅವರ ಹಿಂದೆ ಛಾಯಾಗ್ರಾಹಕರೂ ಬರುತ್ತಾರೆ.

ಶಸ್ತ್ರಚಿಕಿತ್ಸೆಯಾದ ಮೇಲೆ ಏನು? ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಬದುಕಿರುವವರೆಗೂ ಸೇವಿಸಬೇಕು. ಅದರ ಪ್ರಮಾಣ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಕವಾಟದಲ್ಲಿ ಹೆಪ್ಪು. ಆದುದರಿಂದ ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ಸಾಮಾನ್ಯವಾಗಿ ತಿಂಗಳಿಗೊಮ್ಮೆಯಾದರೂ ಮಾಡಿಸಿ, ಅದಕ್ಕನುಗುಣವಾಗಿ ಮಾತ್ರೆಯನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬೇಕು. ನಮಗೆ ಪರಿಚಿತವಾದ ಹಳ್ಳಿಯೊಂದರಲ್ಲಿ ಇಪ್ಪತ್ತಾರು ವರ್ಷದ ಹೆಣ್ಣುಮಗಳೊಬ್ಬಳಿಗೆ ಇಂತಹ ಕವಾಟವನ್ನು ಅಳವಡಿಸಲಾಯಿತು. ಸರಕಾರದ ಯೋಜನೆಯಿಂದ ಬಹುಪಾಲು ಹಣ ಬಂದಿತು. ಉಳಿದುದನ್ನು ಊರ ಪ್ರಮುಖರು ಕೂಡಿಸಿದರು. ಮರಳಿ ಬಂದಾಗ ಪಂಚಾಯಿತಿಯ ಎದುರು ಹಾರ ಹಾಕಿ ಬರಮಾಡಿಕೊಂಡರು. ರಕ್ತಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಿತ್ತು. ೨೦೨೩ರ ಜೂನ್ ತಿಂಗಳಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ನಿಜ. ಆದರೆ ಹೋದ ದಿನದ ಕೂಲಿಯನ್ನು, ಜೊತೆಗೆ ಬರುವ ಗಂಡನ ಕೂಲಿಯನ್ನು, ಅವನ ಬಸ್ಸಿನ ಹಣವನ್ನು, ಪರೀಕ್ಷೆಯ ಶುಲ್ಕವನ್ನು ಕೊಡುವವರಾರು? ನಾಲ್ಕು ತಿಂಗಳು ಹೋದಳು. ಆಮೇಲೆ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗತೊಡಗಿದಳು. ಕೊನೆಗೆ ಅದೂ ನಿಂತಿತು. ಒಂದು ಬೆಳಗ್ಗೆ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತಿತು. ಹದಿನೆಂಟು ದಿನಗಳಲ್ಲಿ ಲಿಂಗೈಕ್ಯಳಾದಳು. ಹಾರ ಹಾಕಿದವರೇ ಸಂಸ್ಕಾರಕ್ಕೂ ಬಂದಿದ್ದರು. ಅವರೊಳಗೆ ಯಾರಿಗೂ ತಾವು ಕೊಡುವುದನ್ನು ಅರ್ಧಕ್ಕೆ ನಿಲ್ಲಿಸಿದೆವೆಂಬ ಭಾವನೆ ಬಂದಂತೆ ಕಾಣಲಿಲ್ಲ. ಏಕೆಂದರೆ ಅವರ ಲೆಕ್ಕದಲ್ಲಿ ದಾನ ಎಂದೋ ಸಮಾಪ್ತವಾಗಿತ್ತು.

ಇದು ಸರಕಾರದ ಕೆಲಸವಲ್ಲವೇ, ಮಠಗಳಿಗೂ ಭಕ್ತರಿಗೂ ಇದರಲ್ಲಿ ಏನು ಬಾಧ್ಯತೆ ಎಂದು ಕೇಳುವ ಬುದ್ಧಿವಂತರಿದ್ದಾರೆ. ಸರಕಾರ ಕೈಕಟ್ಟಿ ಕುಳಿತಿದೆಯೆಂದು ನಾವು ಹೇಳುವುದಿಲ್ಲ. ೨೦೦೩ರಲ್ಲಿ ಯಶಸ್ವಿನಿ ಯೋಜನೆ ಪ್ರಾರಂಭವಾದಾಗ ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ಅರವತ್ತು ರೂಪಾಯಿ ಕಟ್ಟಿ ಹೃದಯದ ಶಸ್ತ್ರಚಿಕಿತ್ಸೆಗೆ ಅರ್ಹನಾಗುತ್ತಿದ್ದ. ೨೦೧೦ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂದಿತು. ೨೦೧೮ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬವೊಂದಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ರಕ್ಷಣೆಯಿದೆ. ೨೦೧೭ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರವು ರಕ್ತನಾಳದಲ್ಲಿ ಇಡುವ ಔಷಧಲೇಪಿತ ಸ್ಟೆಂಟಿನ ಬೆಲೆಯನ್ನು ೨೯,೬೦೦ ರೂಪಾಯಿಗೆ ಮಿತಿಗೊಳಿಸಿದ ಒಂದು ಆಜ್ಞೆ ಎಷ್ಟೋ ದಾನಿಗಳು ಕೂಡಿ ಮಾಡಲಾರದ ಉಪಕಾರವನ್ನು ಒಂದೇ ದಿನದಲ್ಲಿ ಮಾಡಿತು. ನಟ ಪುನೀತ್ ರಾಜ್‌ಕುಮಾರ್ ೨೦೨೧ರ ಅಕ್ಟೋಬರ್ ೨೯ರಂದು ಹೃದಯಾಘಾತದಿಂದ ತೀರಿಕೊಂಡ ಮೇಲೆ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ, ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಉಚಿತವಾಗಿ ದೊರೆಯುವಂತೆ ಏರ್ಪಾಡಾಗಿದೆ. ಇವೆಲ್ಲ ಸ್ತುತ್ಯವಾದವು. ಆದರೆ ಈ ಯೋಜನೆಗಳ ಸ್ವರೂಪವನ್ನು ಗಮನಿಸಿದರೆ, ಮುಖ್ಯವಾಗಿ ಅವು ರೋಗಿ ಆಸ್ಪತ್ರೆಯ ಹಾಸಿಗೆಯ ಮೇಲಿರುವಷ್ಟು ಕಾಲ ಅವನ ಜೊತೆಗಿರುತ್ತವೆ. ಮನೆಗೆ ಮರಳಿದವನ ನಿತ್ಯದ ಮಾತ್ರೆ, ತಿಂಗಳ ಪರೀಕ್ಷೆ, ಓಡಾಟ, ಹೋದ ಕೂಲಿ ಇವುಗಳನ್ನು ಯಾವ ಯೋಜನೆಯೂ ಪೂರ್ತಿಯಾಗಿ ಹೊತ್ತುಕೊಳ್ಳುವುದಿಲ್ಲ. ಸರಕಾರ ನಿಂತಲ್ಲಿಂದ ಮುಂದಕ್ಕೆ ಧರ್ಮ ನಡೆಯಬೇಕು. ನಮ್ಮ ದಾನಿಗಳೋ ಸರಕಾರ ನಿಂತ ಜಾಗದಲ್ಲಿಯೇ, ಅದೇ ಹಾಸಿಗೆಯ ಪಕ್ಕದಲ್ಲಿಯೇ, ಮತ್ತೊಮ್ಮೆ ನಿಲ್ಲುತ್ತಾರೆ.

ಶ್ವಾಸಕೋಶದ ರೋಗಿಗಳ ಪಾಡು ಇದಕ್ಕಿಂತ ದಾರುಣ. ಹೃದಯಕ್ಕೆ ಕವಿಗಳಿದ್ದಾರೆ, ಶ್ವಾಸಕೋಶಕ್ಕೆ ಯಾರೂ ಇಲ್ಲ. ದಮ್ಮು ಬಂದವನೆಂದರೆ ಬೀಡಿ ಸೇದಿ ಕೆಟ್ಟವನೆಂದೇ ಲೋಕದ ತೀರ್ಪು. ಜೀವಮಾನದಲ್ಲಿ ಬೀಡಿಯನ್ನು ಮುಟ್ಟದ, ಆದರೆ ನಲವತ್ತು ವರ್ಷ ಹಸಿ ಸೌದೆಯ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದ ತಾಯಂದಿರ ಶ್ವಾಸಕೋಶಗಳೂ ಅದೇ ರೀತಿ ಕೆಟ್ಟಿರುತ್ತವೆಂಬುದನ್ನು ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ. ಜಂಗಮರಿಗೆ, ಅತಿಥಿಗಳಿಗೆ, ಜಾತ್ರೆಯ ಜನಕ್ಕೆ ಅಟ್ಟು ಹಾಕಿದ ಕೈಗಳು ಅವು. ಅವರ ಉಸಿರನ್ನು ಉಂಡು ನಾವು ತೃಪ್ತರಾದೆವೆಂದರೆ ಅತಿಶಯೋಕ್ತಿಯಲ್ಲ.

ರಕ್ತದಲ್ಲಿ ಆಮ್ಲಜನಕ ತೀರ ಕಡಿಮೆಯಾದ ಇಂತಹ ರೋಗಿಗಳು ದಿನಕ್ಕೆ ಹದಿನೈದು ಗಂಟೆಗಳಿಗೆ ಕಡಿಮೆಯಿಲ್ಲದಂತೆ ಮನೆಯಲ್ಲಿಯೇ ಆಮ್ಲಜನಕ ಪಡೆದರೆ ಆಯುಷ್ಯ ವೃದ್ಧಿಯಾಗುತ್ತದೆಯೆಂದು ೧೯೮೦ ಮತ್ತು ೧೯೮೧ರಲ್ಲಿ ಪ್ರಕಟವಾದ ಅಮೆರಿಕದ ಹಾಗೂ ಬ್ರಿಟನ್ನಿನ ಅಧ್ಯಯನಗಳಿಂದಲೇ ಸಿದ್ಧವಾಗಿದೆ. ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಸಾಂದ್ರಕವೆಂಬ ಯಂತ್ರದ ಪರಿಚಯ ನಮ್ಮ ಜನಕ್ಕೆ ಆದದ್ದು ೨೦೨೧ರಲ್ಲಿ. ಆ ವರ್ಷದ ಮೇ ತಿಂಗಳ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದಿಂದಾದ ಸಾವುಗಳನ್ನು ಕೇಳಿ ನಾಡೇ ನಡುಗಿತು. ದಾನದ ಹೊಳೆ ಹರಿಯಿತು. ಸಾಂದ್ರಕಗಳು ಲಾರಿಗಳಲ್ಲಿ ಬಂದವು. ಮಹಾಮಾರಿ ಇಳಿಯಿತು, ಯಂತ್ರಗಳು ಎಲ್ಲಿ ಹೋದವು? ನಾವು ಕಂಡಂತೆ, ಒಂದೆರಡು ಊರುಗಳಲ್ಲಿ ಅವು ದಾನಿಯ ಹೆಸರಿನ ಚೀಟಿಯ ಸಮೇತ ಕೋಣೆಯ ಮೂಲೆಯಲ್ಲಿ ಧೂಳು ಹಿಡಿದಿವೆ. ಅದೇ ಊರಿನಲ್ಲಿ ಆಮ್ಲಜನಕವಿಲ್ಲದೆ ನೀಲಿಗಟ್ಟಿದ ತುಟಿಗಳ ಮುದುಕರಿದ್ದಾರೆ. ಯಂತ್ರವನ್ನು ಮನೆಗೆ ಕೊಟ್ಟರೂ ಮುಗಿಯಲಿಲ್ಲ. ಸಾಧಾರಣ ಸಾಂದ್ರಕವೊಂದು ಹದಿನೈದು ಗಂಟೆ ನಡೆದರೆ ದಿನಕ್ಕೆ ಸುಮಾರು ೫ ಯೂನಿಟ್, ತಿಂಗಳಿಗೆ ೧೫೦ ಯೂನಿಟ್ ವಿದ್ಯುತ್ತು ಬೇಕು. ಗೃಹಜ್ಯೋತಿಯಲ್ಲಿ ವಿದ್ಯುತ್ತು ಉಚಿತವಲ್ಲವೇ ಎಂದರೆ, ಆ ಉಚಿತವು ಮನೆಯ ಹಿಂದಿನ ಬಳಕೆಯ ಸರಾಸರಿಗೆ ತುಸು ಸೇರಿಸಿ ನಿಗದಿಯಾದುದು. ಎರಡು ದೀಪ, ಒಂದು ಫ್ಯಾನಿನ ಗುಡಿಸಲಿಗೆ ಹಿಂದಿನ ಬಳಕೆ ಎಷ್ಟಿದ್ದೀತು? ತಿಂಗಳ ಒಟ್ಟು ಬಳಕೆ ೨೦೦ ಯೂನಿಟ್ ದಾಟಿತೆಂದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಬಡವನಾಗಿ ಬಾಳಿದವನಿಗೆ ಬಡವನ ಉಚಿತವೇ ಶತ್ರುವಾಗುವ ವಿಚಿತ್ರವಿದು. ಮೀಟರಿನ ಚಕ್ರಕ್ಕೆ ಅಂಜಿ ರಾತ್ರಿ ಯಂತ್ರ ನಿಲ್ಲಿಸುವ ಮನೆಗಳಿವೆ. ಯಂತ್ರಕ್ಕೆ ದಾನಿಯಿದ್ದ, ವಿದ್ಯುತ್ತಿಗೆ ಇಲ್ಲ.

ಈ ಪ್ರಸಂಗದಲ್ಲಿ ಮಠಗಳ ವಿಷಯವನ್ನು ಮುಚ್ಚಿಟ್ಟು ಭಕ್ತರನ್ನು ಮಾತ್ರ ದೂಷಿಸಿದರೆ ಅದು ನ್ಯಾಯವಾಗದು. ಇತ್ತೀಚೆಗೆ ಕೆಲವರು ಹಿರಿಯ ಭಕ್ತರು ನಮ್ಮಲ್ಲಿಗೆ ಬಂದು, ಮುಂದಿನ ಜಾತ್ರೆಯಲ್ಲಿ ನಮ್ಮನ್ನು ನಾಣ್ಯಗಳಿಂದ ತುಲಾಭಾರ ಮಾಡಿ, ಆ ಹಣವನ್ನು ಹೃದ್ರೋಗಿಗಳಿಗೆ ವಿನಿಯೋಗಿಸುವುದಾಗಿ ಬಿನ್ನವಿಸಿದರು. ಭಕ್ತಿ ನಿಷ್ಕಪಟವಾದುದೇ. ಆದರೆ ಸ್ವಾಮಿಯ ದೇಹದ ತೂಕಕ್ಕೂ ರೋಗಿಯ ಅಗತ್ಯಕ್ಕೂ ಏನು ಸಂಬಂಧ? ಗುರುಗಳು ಸ್ಥೂಲಕಾಯರಾದಷ್ಟೂ ರೋಗಿಗಳಿಗೆ ಲಾಭವೆಂದಾದರೆ, ತೂಕ ಇಳಿಸಿರೆಂದು ಹೃದಯತಜ್ಞರು ಹೇಳುವ ಹಿತವಚನವನ್ನು ನಾವು ಧರ್ಮವಿರೋಧಿಯೆಂದು ತಳ್ಳಬೇಕಾದೀತು! ತಕ್ಕಡಿಯಲ್ಲಿ ಕುಳಿತವನು ಕಾಣುತ್ತಾನೆ, ತೂಗಿದವರು ಕಾಣುತ್ತಾರೆ. ಯಾರ ಹೆಸರಿನಲ್ಲಿ ತೂಗಿದರೋ ಅವನು ಮಾತ್ರ ಆ ಮಂಟಪದಲ್ಲಿ ಇರುವುದಿಲ್ಲ. ತುಲಾಭಾರ ಬೇಡವೆಂದೆವು. ಆ ಹಣವನ್ನು ತಿಂಗಳು ತಿಂಗಳು ಕೊಡುವಿರಾ ಎಂದು ಕೇಳಿದೆವು. ಅವರು ಪರಸ್ಪರ ಮುಖ ನೋಡಿಕೊಂಡರು.

ಇಲ್ಲಿಯೇ ದಾನಕ್ಕೂ ದಾಸೋಹಕ್ಕೂ ಇರುವ ಅಂತರ. ಅನ್ಯಮತಗಳಲ್ಲಿ ದಾನದ ವಿಚಾರ ಆಳವಾಗಿಯೇ ನಡೆದಿದೆ. ಜೈನರು ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂದು ಚತುರ್ವಿಧ ದಾನಗಳನ್ನು ಹೇಳಿ ಔಷಧಕ್ಕೆ ಅನ್ನದ ಸಾಲಿನಲ್ಲಿಯೇ ಸ್ಥಾನವಿತ್ತಿದ್ದಾರೆ. ಭಗವದ್ಗೀತೆಯು ಪ್ರತ್ಯುಪಕಾರವನ್ನು ಬಯಸಿ ಮಾಡಿದ ದಾನವನ್ನು ರಾಜಸವೆಂದು ಕೆಳಗಿಡುತ್ತದೆ. ಆದರೂ ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ಶರಣರು ಈ ಮೇಲು-ಕೆಳಗನ್ನೇ ಒಪ್ಪದೆ ದಾಸೋಹವನ್ನು ಎತ್ತಿ ಹಿಡಿದರು. ಅಲ್ಲಿ ಕೊಡುವವನು ದಾಸ. ಕೊಟ್ಟೆನೆಂಬ ಭಾವ ಬಂದರೆ ಕೊಟ್ಟದ್ದು ಕೆಟ್ಟಿತು. ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮೆಲ್ಲರಿಗೂ ಗೊತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದನ್ನು ತಂದಲ್ಲಿಗೇ ಹಿಂದಿರುಗಿಸೆಂದರು. ಈ ಪ್ರಸಂಗವನ್ನು ನಾವು ನಿರಾಶೆಯ ಉಪದೇಶವೆಂದು ಪುರಾಣದಲ್ಲಿ ವಿವರಿಸಿ ಮುಂದೆ ಸಾಗುತ್ತೇವೆ. ಅದರಲ್ಲಿ ಇನ್ನೊಂದು ಅರ್ಥವೂ ಇದೆ: ದಾಸೋಹವು ರಾಶಿಯಿಂದ ನಡೆಯುವುದಲ್ಲ, ನಾಳೆಯೂ ಆಯಲು ಹೋಗುವುದರಿಂದ ನಡೆಯುವುದು. ಸಿದ್ಧಗಂಗೆಯ ಒಲೆ ಆರದೆ ಉರಿಯುತ್ತಿರುವುದು ಒಬ್ಬ ಧನಿಕನ ಒಂದು ದಿನದ ಔದಾರ್ಯದಿಂದಲ್ಲ; ಸುಗ್ಗಿ ಸುಗ್ಗಿಗೂ ಹಳ್ಳಿಗಳಿಂದ ಬಂದ ಧಾನ್ಯದಿಂದ. ಹಸಿವು ನಿತ್ಯದ್ದೆಂದು ಅನ್ನವನ್ನು ನಿತ್ಯ ನೀಡುತ್ತೇವೆ. ಉಸಿರು ನಿತ್ಯದ್ದಲ್ಲವೇ?

ಕಟ್ಟಡಗಳು ಬೇಡವೆಂದು ನಮ್ಮ ವಾದವಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಚಿತ್ರದುರ್ಗದ ಬೃಹನ್ಮಠದ ಜಯದೇವ ಜಗದ್ಗುರುಗಳ ಹೆಸರನ್ನು ಹೊತ್ತಿದೆ. ಅದರ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ೩೫೦ ಹಾಸಿಗೆಗಳ ಕಟ್ಟಡ ೨೦೨೧ರ ನವೆಂಬರಿನಲ್ಲಿ ಉದ್ಘಾಟನೆಗೊಂಡಿತು; ೨೦೨೪ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಅದೇ ಸಂಸ್ಥೆಯ ೩೭೧ ಹಾಸಿಗೆಗಳ ಆಸ್ಪತ್ರೆ ಪ್ರಾರಂಭವಾದುದರಿಂದ ಆ ಭಾಗದ ಎಷ್ಟೋ ರೋಗಿಗಳಿಗೆ ಒಂದು ರಾತ್ರಿಯ ಪ್ರಯಾಣ ತಪ್ಪಿತು. ಇಂತಹ ದಾನ-ಧರ್ಮಗಳಿಗೆ ತಲೆಬಾಗುತ್ತೇವೆ. ಆದರೆ ಜಯದೇವ ಜಗದ್ಗುರುಗಳು ಬಡ ವಿದ್ಯಾರ್ಥಿಗಳಿಗಾಗಿ ತೆರೆಸಿದುದು ಉಚಿತ ಪ್ರಸಾದನಿಲಯಗಳನ್ನು. ಪ್ರಸಾದನಿಲಯವೆಂದರೆ ಗೋಡೆಯಲ್ಲ, ವರ್ಷದುದ್ದಕ್ಕೂ ಎರಡು ಹೊತ್ತು ಹಾಕುವ ಊಟ. ಮೈಸೂರಿನಲ್ಲಿ ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಅರಮನೆ ಸ್ಥಾಪಿಸಿದ ಆರೋಗ್ಯಧಾಮವೂ ಹಾಗೆಯೇ. ಔಷಧವಿಲ್ಲದ ಆ ಕಾಲದಲ್ಲಿ ರೋಗಿಗೆ ತಿಂಗಳುಗಟ್ಟಲೆ ಗಾಳಿ, ವಿಶ್ರಾಂತಿ, ಪೌಷ್ಟಿಕ ಆಹಾರ ಇವೇ ಚಿಕಿತ್ಸೆ. ಹಿಂದಿನವರು ಹೆಸರನ್ನು ಕಲ್ಲಿನಲ್ಲಿ ಬರೆಯಿಸಲಿಲ್ಲವೆಂದಲ್ಲ. ಬರೆಯಿಸಿದ ಮೇಲೆ ಒಲೆಯನ್ನೂ ನೋಡಿಕೊಂಡರು.

ಕ್ಷಯದ ಮಾತು ಬಂದುದರಿಂದ ಒಂದು ವಿಷಯವನ್ನು ವಿಸ್ತಾರವಾಗಿಯೇ ಹೇಳಬೇಕು. ದಾಸೋಹದ ಪರಂಪರೆಯುಳ್ಳ ನಮಗೆ ಇದು ನೇರವಾಗಿ ಸಂಬಂಧಿಸಿದ್ದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯ ದಂಪತಿ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನವೊಂದು ೨೦೨೩ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಷಯವುಳ್ಳವರ ಮನೆಯ ಇತರರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ ಮತ್ತು ಜೀವಸತ್ತ್ವಗಳನ್ನು ಕೊಟ್ಟು ನೋಡಿದರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲಿದವರ ಸಂಖ್ಯೆ ಕೊಡದ ಮನೆಗಳಿಗಿಂತ ಸುಮಾರು ಶೇಕಡಾ ೪೦ರಷ್ಟು ಕಡಿಮೆಯಾಗಿತ್ತು. ಚಿಕಿತ್ಸೆ ಪಡೆಯುತ್ತಿದ್ದ ರೋಗಿಗಳಲ್ಲಿಯೂ ಮೊದಲ ಎರಡು ತಿಂಗಳಲ್ಲಿ ಮೈತೂಕ ಏರಿದವರಲ್ಲಿ ಸಾವು ಗಣನೀಯವಾಗಿ ಕಡಿಮೆಯೆಂದು ಕಂಡುಬಂದಿತು. ಅಕ್ಕಿ ಮತ್ತು ಬೇಳೆ! ಯಾವ ವಿದೇಶೀ ಯಂತ್ರವೂ ಅಲ್ಲ, ಯಾವ ತಜ್ಞನ ಶಸ್ತ್ರವೂ ಅಲ್ಲ. ಮಠದ ಉಗ್ರಾಣದಲ್ಲಿ ಮೂಟೆ ಮೂಟೆಯಾಗಿ ಇರುವ ಪದಾರ್ಥಗಳು. ಕೇಂದ್ರ ಸರಕಾರ ಕ್ಷಯರೋಗಿಯ ಪೋಷಣೆಗೆ ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಕೊಡುತ್ತಿದ್ದು, ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ಕ್ಕೆ ಏರಿಸಿದೆ. ೨೦೨೨ರಿಂದ ಖಾಸಗಿಯವರೂ ನಿಕ್ಷಯ ಮಿತ್ರರಾಗಿ ರೋಗಿಗಳಿಗೆ ಆಹಾರದ ಹೊಣೆ ಹೊರಬಹುದಾಗಿದೆ. ನಮ್ಮ ಎಷ್ಟು ಮಠಗಳು, ಎಷ್ಟು ಮಂದಿ ವರ್ತಕರು ಆ ಪಟ್ಟಿಗೆ ಸೇರಿದ್ದಾರೆ? ಜಾತ್ರೆಯ ದಿನ ಹತ್ತು ಸಾವಿರ ಮಂದಿಗೆ ಹುಗ್ಗಿ ಬಡಿಸುವ ಊರಿನಲ್ಲಿ ಕ್ಷಯದ ಒಂದು ಮನೆ ಬೇಳೆಯಿಲ್ಲದೆ ಒಣಗುವುದು ದಾಸೋಹಕ್ಕೆ ಕಳಂಕ.

ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಕಾಯಕತತ್ತ್ವಕ್ಕೆ ಭಂಗ ಬರುತ್ತದೆಯೆಂಬ ಆಕ್ಷೇಪವನ್ನು ನಮ್ಮವರೇ ಎತ್ತುತ್ತಾರೆ. ಕಾಯಕಕ್ಕೆ ಮೊದಲು ಕಾಯ ಬೇಕು. ಮಾತ್ರೆ ತಪ್ಪದ ಕವಾಟದ ರೋಗಿ ಹೊಲಿಗೆಯಂತ್ರ ತುಳಿಯಬಲ್ಲಳು, ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡಬಲ್ಲಳು. ಮಾತ್ರೆ ತಪ್ಪಿದವಳು ಮನೆಮಂದಿಯ ಕಾಯಕವನ್ನೂ ನಿಲ್ಲಿಸಿ ಮಲಗುತ್ತಾಳೆ. ಪೂರ್ವಕರ್ಮದ ಫಲವನ್ನು ಉಣ್ಣಲಿ ಬಿಡಿ ಎನ್ನುವವರೂ ಉಂಟು. ಅವರು ತಮ್ಮ ಎದೆನೋವಿಗೆ ಕರ್ಮವನ್ನು ನೆನೆಯದೆ ಆಂಬುಲೆನ್ಸನ್ನು ಕರೆಸುವುದನ್ನು ನಾವು ನೋಡಿದ್ದೇವಾದುದರಿಂದ ಉತ್ತರ ಅನಾವಶ್ಯಕ.

ಗುಟ್ಕಾ, ತಂಬಾಕುಗಳ ವ್ಯಾಪಾರದಿಂದ ಬಂದ ಹಣದಲ್ಲಿ ಶ್ವಾಸಕೋಶದ ರೋಗಿಗಳಿಗೆ ವಾರ್ಡು ಕಟ್ಟಿಸಿಕೊಡುತ್ತೇವೆನ್ನುವವರಿಗೆ ಮಠದ ವೇದಿಕೆಯಲ್ಲಿ ಶಾಲು ಹೊದಿಸಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಸತ್ಯಶುದ್ಧ ಕಾಯಕದ ದ್ರವ್ಯವಲ್ಲದೆ ದಾಸೋಹಕ್ಕೆ ಸಲ್ಲದೆಂಬ ನಿಯಮವನ್ನು ಶರಣರು ಅಲಂಕಾರಕ್ಕಾಗಿ ಮಾಡಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ಬಹಳ ಸಣ್ಣ ಕೆಲಸ, ಸಣ್ಣದಾದುದರಿಂದಲೇ ಕಷ್ಟದ್ದು. ಪ್ರತಿಯೊಂದು ಊರಿನಲ್ಲಿ ಹತ್ತು ಮನೆಗಳು ಕೂಡಿ ಒಬ್ಬ ರೋಗಿಯನ್ನು ವರ್ಷಗಟ್ಟಲೆ ಹೊರಬೇಕು. ಒಂದು ತಿಂಗಳು ಒಂದು ಮನೆ ಮಾತ್ರೆ ತರಲಿ, ಒಂದು ಮನೆ ರಕ್ತಪರೀಕ್ಷೆಗೆ ಕರೆದೊಯ್ಯಲಿ, ಒಂದು ಮನೆ ವಿದ್ಯುತ್ತಿನ ಬಿಲ್ಲು ಕಟ್ಟಲಿ. ಮುಷ್ಟಿಭಿಕ್ಷೆಯ ಅಕ್ಕಿಯನ್ನು ದಿನವೂ ಎತ್ತಿಡುತ್ತಿದ್ದ ಮನೆತನಗಳಿಗೆ ಇದನ್ನು ಕಲಿಸಬೇಕಾಗಿಲ್ಲ. ಹಣವನ್ನು ರೋಗಿಯ ಕೈಗೆ ಸುಮ್ಮನೆ ಹಾಕದೆ ವೈದ್ಯರ ಚೀಟಿಯನ್ನು ನೋಡಿ ಔಷಧವನ್ನೇ ಕೊಡಿಸಬೇಕು. ಲೆಕ್ಕವನ್ನು ಬಹಿರಂಗವಾಗಿ ಇಡಬೇಕು. ಯಂತ್ರ ಕೊಡಲೇಬೇಕೆನ್ನುವವರು ಅದರ ಹೊಟ್ಟೆಯನ್ನೂ ನೋಡಬೇಕು. ಬೆರಳ ತುದಿಯ ಒಂದು ಹನಿ ರಕ್ತದಿಂದ ಐ.ಎನ್.ಆರ್. ತೋರಿಸುವ ಅಂಗೈಯಗಲದ ಯಂತ್ರಗಳಿವೆ. ತಾಲ್ಲೂಕಿಗೊಂದು ಇದ್ದರೆ ಎಷ್ಟೋ ಜನರಿಗೆ ಜಿಲ್ಲಾ ಕೇಂದ್ರದ ದಾರಿ ತಪ್ಪುತ್ತದೆ. ಆದರೆ ಪ್ರತಿ ಪರೀಕ್ಷೆಗೂ ಹೊಸ ಪಟ್ಟಿ ಬೇಕು. ಅಂತಹ ಯಂತ್ರವನ್ನು ಸಮಾರಂಭ ಮಾಡಿ ಕೊಟ್ಟ ಕಡೆ, ಜೊತೆಗೆ ಬಂದ ಪಟ್ಟಿಗಳು ಮೂರು ತಿಂಗಳಲ್ಲಿ ತೀರಿ, ಯಂತ್ರ ಬೀರುವಿನಲ್ಲಿ ಕುಳಿತುದನ್ನು ಬಲ್ಲೆವು.

ಬರುವ ತಿಂಗಳ ಅಮಾವಾಸ್ಯೆಯ ಶಿವಾನುಭವಗೋಷ್ಠಿಯ ಅನಂತರ ನಮ್ಮ ತಾಲ್ಲೂಕಿನ ಕವಾಟದ ರೋಗಿಗಳ, ಮನೆಯಲ್ಲಿ ಆಮ್ಲಜನಕ ಬೇಕಾದವರ, ಕ್ಷಯದ ಚಿಕಿತ್ಸೆಯಲ್ಲಿರುವವರ ಮನೆಗಳಿಗೆ ಏನೇನು ಬೇಕೆಂಬುದನ್ನು, ಅವರ ಹೆಸರು ಬಹಿರಂಗವಾಗದಂತೆ, ಆರೋಗ್ಯ ಕೇಂದ್ರದ ವೈದ್ಯರ ಸಹಾಯದಿಂದ ಗೊತ್ತುಮಾಡಿಕೊಳ್ಳಲಾಗುವುದು. ಅದರ ಖರ್ಚನ್ನು ಪ್ರತ್ಯೇಕ ನಿಧಿಯೆಂದು ಕರೆಯದೆ, ದಾಸೋಹದ ದಿನವಹಿ ಪುಸ್ತಕದಲ್ಲಿಯೇ ಅಕ್ಕಿ, ಬೇಳೆ, ಬೆಲ್ಲಗಳ ಕೆಳಗೆ ಬರೆಯಬೇಕೆಂದು ಕಾರಕೂನರಿಗೆ ತಿಳಿಸಿದ್ದೇವೆ. ಆ ಪುಸ್ತಕದಲ್ಲಿ ದಾನಿಗಳ ಹೆಸರಿಗೆ ಅಂಕಣವಿಲ್ಲ.